ಬಾಡಿಗೆ ನೆರವಿನ ಸರತಿ: ನನ್ನ ಪ್ರೋಗ್ರಾಮಿನಲ್ಲಿದ್ದ ನಾಲ್ಕು ತಪ್ಪು

ಕನ್ನಡ ಸಂಘದ ಪತ್ರಿಕೆಗೆ ಇದು ನನ್ನ ಮೊದಲ ಬರಹ. ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವಳು ನಾನು. ಕನ್ನಡ ಮನೇಲಿ ಮಾತಾಡಿ ಗೊತ್ತೇ ಹೊರತು ಬರೆದು ಅಭ್ಯಾಸ ಕಡಿಮೆ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಸಂಪಾದಕರನ್ನು ಬಯ್ಯಿರಿ, ನನ್ನನ್ನು ಬಿಟ್ಟುಬಿಡಿ.

ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿಗೆ ಒಂದು ಮಿನಿ ಪ್ರಾಜೆಕ್ಟ್ ಮಾಡಬೇಕಿತ್ತು. ನನಗೆ ಬಂದ ವಿಷಯ ಕ್ಯೂ. ಕ್ಲಾಸಲ್ಲಿ ಎಲ್ಲರೂ ಬ್ಯಾಂಕ್ ಟೋಕನ್, ರೈಲ್ವೆ ವೇಟಿಂಗ್ ಲಿಸ್ಟ್, ಕ್ಯಾಂಟೀನ್ ಕೂಪನ್ ಅಂತ ತಗೊಂಡಿದ್ದರು. ನಾನು ಬೇರೆ ಏನಾದರೂ ಮಾಡೋಣ ಅಂತ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅಂದರೆ ನಮ್ಮ ದೊಡ್ಡಪ್ಪನ ಮಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಸಣ್ಣ ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸ ಮಾಡ್ತಾಳೆ.

"ನಮ್ಮ ಲೈಬ್ರರಿಗೆ ಜನ ಪುಸ್ತಕಕ್ಕಿಂತ ಕಂಪ್ಯೂಟರ್‌ಗೆ ಅಂತ ಬರೋದೇ ಜಾಸ್ತಿ ಕಣೇ" ಅಂದಳು. "ಬಾಡಿಗೆ ನೆರವಿನ ಪಟ್ಟಿ ತೆರೆದ ದಿನ ನಾವು ಬಾಗಿಲು ತೆಗೆಯೋ ಮೊದಲೇ ಹೊರಗೆ ಲೈನ್ ಇರುತ್ತೆ. ಅರ್ಜಿ ತುಂಬೋಕೆ ಅಂತ. ಆ ಪಟ್ಟೀನ ಪ್ರೋಗ್ರಾಮ್ ಮಾಡು ನೋಡೋಣ."

ನಾನು ಒಂದೇ ಸಂಜೇಲಿ ಬರೆದುಬಿಟ್ಟೆ. ಲಿಂಕ್ಡ್ ಲಿಸ್ಟ್, ಮುಂದೊಂದು ಪಾಯಿಂಟರ್, ಹಿಂದೊಂದು ಪಾಯಿಂಟರ್. ಹಿಂದಿಂದ ಸೇರಿಸು, ಮುಂದಿಂದ ತೆಗಿ. ಭಾನುವಾರ ಬೆಳಗ್ಗೆ ವಿಡಿಯೋ ಕಾಲ್‌ನಲ್ಲಿ ಅಕ್ಕನಿಗೆ ತೋರಿಸಿದೆ. ಅವಳಿಗಿನ್ನೂ ಶನಿವಾರ ರಾತ್ರಿ. ನೋಡಿ ನಕ್ಕಳು. "ಪ್ರೋಗ್ರಾಮ್ ಓಡ್ತಿದೆ ಸರಿ. ಆದರೆ ಇದರಲ್ಲಿ ನಾಲ್ಕು ತಪ್ಪಿದೆ" ಅಂದಳು.

ಈ ಲೇಖನ ಆ ನಾಲ್ಕು ತಪ್ಪುಗಳ ಬಗ್ಗೆ. ಕೋಡ್ ಒಂದು ಸಾಲೂ ಇಲ್ಲ, ಸಿವಿಲ್‌ನೋರು ಮೆಕ್ಯಾನಿಕಲ್‌ನೋರು ಹೆದರಬೇಡಿ.

ಮೊದಲು ಯೋಜನೆ ಏನು ಅಂತ

ಯೋಜನೆಯ ಹೆಸರು ಹೌಸಿಂಗ್ ಚಾಯ್ಸ್ ವೋಚರ್. ಜನ ಕರೆಯೋದು "ಸೆಕ್ಷನ್ 8" ಅಂತ. 1937ರ ಅಮೆರಿಕದ ವಸತಿ ಕಾಯ್ದೆಗೆ 1974ರಲ್ಲಿ ಸೇರಿಸಿದ ಎಂಟನೇ ಸೆಕ್ಷನ್ನಿಂದ ಆ ಹೆಸರು ಬಂತು. ಇವತ್ತು ಸುಮಾರು 23 ಲಕ್ಷ ಕುಟುಂಬಗಳು ಈ ವೋಚರ್‌ನಲ್ಲಿ ಬಾಡಿಗೆ ಮನೆಯಲ್ಲಿವೆ.

ಸರ್ಕಾರ ಇಲ್ಲಿ ಮನೆ ಕಟ್ಟಿಕೊಡಲ್ಲ. ಮನೆ ಖಾಸಗಿ ಓನರ್‌ದು, ಹುಡುಕೋದು ಬಾಡಿಗೆದಾರರೇ. ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರ ನೇರವಾಗಿ ಓನರ್‌ಗೆ ಕಟ್ಟುತ್ತೆ. ದುಡ್ಡು ಕೇಂದ್ರ ಸರ್ಕಾರದ ವಸತಿ ಇಲಾಖೆಯಿಂದ ಬರುತ್ತೆ. ಅರ್ಜಿ ತಗೊಳ್ಳೋದು, ಪಟ್ಟಿ ಇಟ್ಟುಕೊಳ್ಳೋದು, ವೋಚರ್ ಕೊಡೋದು ಆಯಾ ಊರಿನ ಅಥವಾ ಕೌಂಟಿಯ ಹೌಸಿಂಗ್ ಅಥಾರಿಟಿ. ಇಂಥ ಸಂಸ್ಥೆಗಳು ದೇಶದಲ್ಲಿ 2000ಕ್ಕೂ ಹೆಚ್ಚಿವೆ. ಅಂದರೆ ದೇಶಕ್ಕೆಲ್ಲ ಒಂದು ಪಟ್ಟಿ ಅನ್ನೋದೇ ಇಲ್ಲ. ಒಂದೊಂದು ಊರಿಗೆ ಒಂದೊಂದು ಪಟ್ಟಿ, ಒಂದೊಂದು ನಿಯಮ.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ನೋಡೋಣ. ಒಂದು ಕುಟುಂಬದ ಆದಾಯ, ಅನುಮತಿ ಇರೋ ಕಡಿತಗಳೆಲ್ಲ ಕಳೆದು, ತಿಂಗಳಿಗೆ 1500 ಡಾಲರ್ ಅಂದುಕೊಳ್ಳಿ. ಅದರ ಸುಮಾರು 30%, ಅಂದರೆ 450 ಡಾಲರ್, ಕುಟುಂಬದ ಪಾಲು. ಆ ಊರಿನಲ್ಲಿ ಆ ಅಳತೆಯ ಮನೆಗೆ ಅಥಾರಿಟಿ ಇಟ್ಟಿರೋ ಮಿತಿ 1500 ಡಾಲರ್ ಅಂದುಕೊಳ್ಳಿ. ಕರೆಂಟು, ಗ್ಯಾಸು ಎಲ್ಲ ಸೇರಿ ಬಾಡಿಗೆ 1400 ಆದರೆ ಕುಟುಂಬ 450 ಕಟ್ಟುತ್ತೆ, ಸರ್ಕಾರ 950 ಕಟ್ಟುತ್ತೆ. ಬಾಡಿಗೆ 1600 ಆದರೆ ಮಿತಿ ಮೀರಿದ 100 ಡಾಲರ್ ಕುಟುಂಬದ ಮೇಲೇ ಬೀಳುತ್ತೆ, ಒಟ್ಟು 550. ಬಾಡಿಗೆ 1700 ಆದರೆ ಕುಟುಂಬದ ಪಾಲು 650. ಆಗ ಆ ಮನೆಗೆ ಒಪ್ಪಿಗೆಯೇ ಸಿಗಲ್ಲ. ಯಾಕಂದರೆ ಹೊಸದಾಗಿ ಮನೆ ಹಿಡಿಯುವಾಗ ಮಿತಿಗಿಂತ ಹೆಚ್ಚಿನ ಬಾಡಿಗೆ ಇದ್ದರೆ ಕುಟುಂಬದ ಪಾಲು ಆದಾಯದ 40% ದಾಟಬಾರದು ಅಂತ ನಿಯಮ. ಇಲ್ಲಿ 40% ಅಂದರೆ 600.

ಆ ಮಿತಿ ಎಲ್ಲಿಂದ ಬರುತ್ತೆ? ಒಂದು ಪ್ರದೇಶದ ಸಾಧಾರಣ ಮನೆಗಳ ಬಾಡಿಗೆಯನ್ನೆಲ್ಲ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ 40ನೇ ಪರ್ಸೆಂಟೈಲ್‌ನಲ್ಲಿ ಬರೋ ಮೊತ್ತವನ್ನು ವಸತಿ ಇಲಾಖೆ ಸಾಮಾನ್ಯವಾಗಿ "ನ್ಯಾಯವಾದ ಬಾಡಿಗೆ" ಅಂತ ಪ್ರತಿ ವರ್ಷ ಪ್ರಕಟಿಸುತ್ತೆ. ಸ್ಥಳೀಯ ಅಥಾರಿಟಿ ಸಾಮಾನ್ಯವಾಗಿ ಅದರ 90%ರಿಂದ 110% ಒಳಗೆ ತನ್ನ ಮಿತಿ ಇಟ್ಟುಕೊಳ್ಳಬಹುದು.

ಯಾರು ಅರ್ಹರು ಅನ್ನೋದಕ್ಕೆ ಮುಖ್ಯ ಅಳತೆ ಆದಾಯ. ಆ ಪ್ರದೇಶದ ಕುಟುಂಬಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಆದಾಯ ಎಷ್ಟೋ, ಅದರ ಅರ್ಧಕ್ಕಿಂತ ಕಡಿಮೆ ಇರಬೇಕು. ಹೊಸದಾಗಿ ವೋಚರ್ ಪಡೆಯುವವರಲ್ಲಿ 75% ಜನ ಇನ್ನೂ ಕೆಳಗಿನವರಾಗಿರಬೇಕು. ಸ್ಥೂಲವಾಗಿ ಹೇಳಿದರೆ ಆ ನಡುವಿನ ಆದಾಯದ 30%ಕ್ಕಿಂತ ಕಡಿಮೆ.

ಎಂಎಸ್‌ಗೆ ಹೋಗೋ ಪ್ಲಾನ್ ಇರೋರಿಗೆ ಒಂದು ಮಾತು. ಎಫ್-1 ವೀಸಾದ ವಿದ್ಯಾರ್ಥಿಗಳಿಗೆ, ಎಚ್-1ಬಿ ಮೇಲೆ ಕೆಲಸ ಮಾಡೋರಿಗೆ ಇದು ಸಿಗಲ್ಲ. ನಾಗರಿಕರು, ಗ್ರೀನ್ ಕಾರ್ಡ್ ಇರೋರು, ನಿರಾಶ್ರಿತರು ಅಂತ ಒಪ್ಪಿಗೆ ಪಡೆದವರು, ಹೀಗೆ ಕೆಲವು ವರ್ಗಗಳಿಗೆ ಮಾತ್ರ. ಮನೆಯಲ್ಲಿ ಕೆಲವರು ಅರ್ಹರು, ಕೆಲವರು ಅಲ್ಲ ಅಂತಾದರೆ ನೆರವನ್ನು ಆ ಪ್ರಮಾಣಕ್ಕೆ ಇಳಿಸಿ ಕೊಡುತ್ತಾರೆ.

ಈಗ ತಪ್ಪುಗಳಿಗೆ ಬರೋಣ.

ತಪ್ಪು ಒಂದು: ಸಾಲು ಯಾವಾಗಲೂ ತೆರೆದಿರುತ್ತೆ ಅಂದುಕೊಂಡಿದ್ದೆ

ನನ್ನ ಪ್ರೋಗ್ರಾಮಿನಲ್ಲಿ ಯಾರು ಯಾವಾಗ ಬೇಕಾದರೂ ಬಂದು ಹಿಂದೆ ಸೇರಿಕೊಳ್ಳಬಹುದಿತ್ತು. ನಿಜದಲ್ಲಿ ಎಷ್ಟೋ ಊರುಗಳಲ್ಲಿ ಪಟ್ಟಿಯ ಬಾಗಿಲೇ ವರ್ಷಗಟ್ಟಲೆ ಮುಚ್ಚಿರುತ್ತೆ. ತೆರೆಯುವಾಗ ಅಥಾರಿಟಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಎಲ್ಲಿ ಯಾವಾಗ ಅರ್ಜಿ ಹಾಕಬೇಕು ಅಂತ ತಿಳಿಸಬೇಕು. ಕೆಲವೇ ದಿನ ತೆರೆದಿದ್ದು ಮತ್ತೆ ಮುಚ್ಚುತ್ತೆ.

ನ್ಯೂಯಾರ್ಕ್ ನಗರದ್ದೇ ನೋಡಿ. ಸುಮಾರು 15 ವರ್ಷ ಮುಚ್ಚಿದ್ದ ಪಟ್ಟಿ 2024ರ ಜೂನ್‌ನಲ್ಲಿ ಒಂದು ವಾರ ತೆರೆಯಿತು. ಆ ಒಂದು ವಾರದಲ್ಲಿ 6 ಲಕ್ಷ 30 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಪಟ್ಟಿಗೆ ಸೇರಿಸಿದ್ದು 2 ಲಕ್ಷ. ಲಾಸ್ ಏಂಜಲೀಸ್ ನಗರದಲ್ಲಿ 2022ರ ಅಕ್ಟೋಬರ್‌ನಲ್ಲಿ ತೆರೆದಾಗ 2 ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಪಟ್ಟಿಯಲ್ಲಿ ಇದ್ದ ಜಾಗ 30 ಸಾವಿರ. ಗಮನಿಸಿ, ಇದು ಮನೆ ಸಿಕ್ಕವರ ಲೆಕ್ಕ ಅಲ್ಲ. ಕಾಯೋಕೆ ಅವಕಾಶ ಸಿಕ್ಕವರ ಲೆಕ್ಕ.

ಯಾಕೆ ಹೀಗೆ? ಈ ನೆರವು ಅರ್ಹತೆ ಇದ್ದವರಿಗೆಲ್ಲ ಸಿಗುವ ಹಕ್ಕಲ್ಲ. ಅಲ್ಲಿನ ಬಡವರಿಗೆ ಆಹಾರಕ್ಕೆ ಕೊಡುವ ನೆರವು ಅರ್ಹರಾಗಿ ಅರ್ಜಿ ಹಾಕಿದವರಿಗೆಲ್ಲ ಸಿಗುತ್ತೆ. ಬಾಡಿಗೆ ನೆರವು ಹಾಗಲ್ಲ. ಸಂಸತ್ತು ಪ್ರತಿ ವರ್ಷ ಎಷ್ಟು ದುಡ್ಡು ಇಡುತ್ತೋ ಅಷ್ಟೇ ವೋಚರ್. ಕೇಂದ್ರದ ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬದಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ಸಿಗುತ್ತಿದೆ. ಉಳಿದ ಮೂರಕ್ಕೆ ಉತ್ತರ ಈ ಪಟ್ಟಿ.

ಇಲ್ಲಿ ನಮ್ಮ ಪಾಠದ ಒಂದು ಸೂತ್ರ ಕೆಲಸಕ್ಕೆ ಬರುತ್ತೆ. ಲಿಟಲ್ಸ್ ಲಾ ಪ್ರಕಾರ ಸಾಲಿನ ಉದ್ದವನ್ನು ತಿಂಗಳಿಗೆ ಹೊರಗೆ ಹೋಗುವವರ ಸಂಖ್ಯೆಯಿಂದ ಭಾಗಿಸಿದರೆ ಕಾಯೋ ಸಮಯ ಸಿಗುತ್ತೆ. ಪಟ್ಟಿಯಲ್ಲಿ 3000 ಕುಟುಂಬ ಇದೆ, ತಿಂಗಳಿಗೆ 25 ವೋಚರ್ ಖಾಲಿಯಾಗಿ ಸಿಗುತ್ತೆ ಅಂದುಕೊಳ್ಳಿ. 3000 ಭಾಗಿಸು 25, ಅಂದರೆ 120 ತಿಂಗಳು. ಹತ್ತು ವರ್ಷ. ಆನ್‌ಲೈನ್ ಫಾರ್ಮ್ ಎಷ್ಟು ಚೆನ್ನಾಗಿ ಮಾಡಿದರೂ ಈ ಸಂಖ್ಯೆ ಒಂದು ದಿನವೂ ಕಡಿಮೆ ಆಗಲ್ಲ. ವೋಚರ್ ಜಾಸ್ತಿಯಾದರೆ ಮಾತ್ರ ಆಗುತ್ತೆ. ಸಾಫ್ಟ್‌ವೇರ್‌ನಿಂದ ಏನಾಗಲ್ಲ ಅಂತ ಗೊತ್ತಿರೋದೂ ಎಂಜಿನಿಯರಿಂಗೇ ಅಂತ ನನಗೆ ಅನ್ನಿಸಿದ್ದು ಆಗ.

ಇನ್ನೊಂದು ಎಚ್ಚರ. ವೋಚರ್ ಸಿಕ್ಕವರು ಸರಾಸರಿ ಎಷ್ಟು ಕಾದಿದ್ದಾರೆ ಅಂತ ಕೇಳಿದರೆ ದೇಶದ ಲೆಕ್ಕದಲ್ಲಿ ಎರಡು ವರ್ಷಕ್ಕೂ ಹೆಚ್ಚು ಅಂತ ಬರುತ್ತೆ. ಅಷ್ಟೇನಾ ಅನ್ನಿಸಬಹುದು. ಆದರೆ ಈ ಸರಾಸರಿಯಲ್ಲಿ ಇರೋದು ತುದಿ ಮುಟ್ಟಿದವರು ಮಾತ್ರ. ಇನ್ನೂ ಕಾಯ್ತಾ ಇರೋರು, ಮಧ್ಯದಲ್ಲಿ ಬಿಟ್ಟುಹೋದವರು, ಬಾಗಿಲು ಮುಚ್ಚಿದ್ದರಿಂದ ಸೇರಲಾಗದೇ ಇದ್ದವರು ಯಾರೂ ಆ ಲೆಕ್ಕದಲ್ಲಿಲ್ಲ. ಪರೀಕ್ಷೆಯಲ್ಲಿ ಪಾಸಾದವರನ್ನು ಮಾತ್ರ ಕೇಳಿ "ಪೇಪರ್ ಸುಲಭ ಇತ್ತು" ಅಂದ ಹಾಗೆ.

ತಪ್ಪು ಎರಡು: ಮೊದಲು ಬಂದವರಿಗೆ ಮೊದಲು ಅಂದುಕೊಂಡಿದ್ದೆ

ಕ್ಯೂ ಅಂದರೆ ಮೊದಲು ಬಂದವರು ಮೊದಲು ಹೋಗಬೇಕು. ಪುಸ್ತಕದಲ್ಲಿ ಹಾಗೇ ಇದೆ. ಇಲ್ಲಿ ಹಾಗಿಲ್ಲ.

ಮೊದಲನೆಯದು, ಆದ್ಯತೆ. ಪ್ರತಿ ಅಥಾರಿಟಿಯೂ ತನ್ನ ಊರಿನ ಅಗತ್ಯ ನೋಡಿ ಯಾರಿಗೆ ಆದ್ಯತೆ ಅಂತ ನಿರ್ಧರಿಸಬಹುದು. ಇರಲು ಮನೆಯೇ ಇಲ್ಲದವರು, ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರು, ಅಂಗವಿಕಲರು, ಮಾಜಿ ಸೈನಿಕರು, ದುಡಿಯುವ ಕುಟುಂಬಗಳು, ಅದೇ ಊರಿನಲ್ಲಿ ವಾಸ ಇರೋರು, ಹೀಗೆ. ಒಂದು ಊರಿನಲ್ಲಿ ಇರೋ ಆದ್ಯತೆ ಪಕ್ಕದ ಊರಲ್ಲಿ ಇಲ್ಲದೇ ಇರಬಹುದು. ಈ ನಿಯಮಗಳನ್ನೆಲ್ಲ ಅಥಾರಿಟಿ ಬರೆದು ಇಟ್ಟಿರಬೇಕು, ಯಾರು ಬೇಕಾದರೂ ನೋಡಬಹುದು.

ಎರಡನೆಯದು, ಒಂದೇ ಆದ್ಯತೆ ಇರೋರ ನಡುವೆ ಯಾರು ಮೊದಲು? ಅರ್ಜಿ ಹಾಕಿದ ದಿನ ಮತ್ತು ಸಮಯ ನೋಡಬಹುದು, ಇಲ್ಲಾ ಲಾಟರಿ ಎತ್ತಬಹುದು. ಎರಡಕ್ಕೂ ನಿಯಮದಲ್ಲಿ ಅವಕಾಶ ಇದೆ. ಲಾಟರಿ ಅಂದ ತಕ್ಷಣ ನನಗೆ ಅನ್ಯಾಯ ಅನ್ನಿಸಿತ್ತು. ಅಕ್ಕ ಕೇಳಿದಳು: "ಬೆಳಗ್ಗೆ ಎಂಟಕ್ಕೆ ಪೋರ್ಟಲ್ ತೆರೆಯುತ್ತೆ. ಎಂಟು ಗಂಟೆ ಒಂದು ನಿಮಿಷಕ್ಕೆ ಅರ್ಜಿ ಹಾಕೋರು ಯಾರು? ಮನೇಲಿ ಲ್ಯಾಪ್‌ಟಾಪ್, ಒಳ್ಳೇ ಇಂಟರ್ನೆಟ್ ಇರೋರು. ರಾತ್ರಿ ಪಾಳಿ ಮುಗಿಸಿ ಬಸ್ ಹಿಡಿದು ಲೈಬ್ರರಿಗೆ ಬರೋರು ಹನ್ನೊಂದಕ್ಕೆ ಬರ್ತಾರೆ. ಆ ಮೂರು ಗಂಟೆಗೆ ಮೂರು ವರ್ಷ ಹಿಂದೆ ತಳ್ಳೋದು ನ್ಯಾಯಾನಾ?" ತತ್ಕಾಲ್ ಟಿಕೆಟ್ ಬುಕ್ ಮಾಡಿ ಗೊತ್ತಿರೋ ಯಾರಿಗೂ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾಗಿ ಸಾದಾ ಕ್ಯೂ ತೆಗೆದು ಪ್ರಯಾರಿಟಿ ಕ್ಯೂ ಹಾಕಿದೆ. ಮೊದಲ ಕೀ ಆದ್ಯತೆ, ಎರಡನೇ ಕೀ ಲಾಟರಿ ಸಂಖ್ಯೆ. ಓಡಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. 120ನೇ ಜಾಗದಲ್ಲಿ ಇದ್ದವರು ಮುಂದಿನ ತಿಂಗಳು 135ಕ್ಕೆ ಹೋಗಿದ್ದರು. ಬಗ್ ಅಂತ ಅರ್ಧ ದಿನ ಹುಡುಕಿದೆ. ಬಗ್ ಅಲ್ಲ. ಹೆಚ್ಚು ಆದ್ಯತೆ ಇರೋ ಹೊಸಬರು ಸೇರಿದಾಗ ಹಳಬರು ಹಿಂದಕ್ಕೆ ಸರಿಯುತ್ತಾರೆ. ಕಾದಷ್ಟೂ ಮುಂದೆ ಹೋಗ್ತೀವಿ ಅನ್ನೋ ನಮ್ಮ ನಂಬಿಕೆ ಈ ಸಾಲಿಗೆ ಅನ್ವಯಿಸಲ್ಲ. ಆದ್ದರಿಂದಲೇ "ನನ್ನ ಸರದಿ ಯಾವಾಗ" ಅಂದರೆ ಕಚೇರಿಯವರು ದಿನಾಂಕ ಹೇಳೋದು ಕಷ್ಟ.

ತಪ್ಪು ಮೂರು: ತುದಿ ಮುಟ್ಟಿದರೆ ಮನೆ ಸಿಕ್ಕಿತು ಅಂದುಕೊಂಡಿದ್ದೆ

ನನ್ನ ಪ್ರೋಗ್ರಾಮಿನಲ್ಲಿ ಮುಂದಿನವರನ್ನು ತೆಗೆದ ಕೂಡಲೇ "ಮನೆ ಮಂಜೂರು" ಅಂತ ಪ್ರಿಂಟ್ ಆಗ್ತಿತ್ತು. ಅಕ್ಕ ಆ ಸಾಲನ್ನು ಅಳಿಸು ಅಂದಳು.

ಸರದಿ ಬಂದಾಗ ಮೊದಲು ಬರೋದು ಕರೆ. ಆಗ ಆದಾಯದ ದಾಖಲೆ, ಮನೆಯವರೆಲ್ಲರ ಗುರುತಿನ ದಾಖಲೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ವಲಸೆ ಸ್ಥಿತಿ ಎಲ್ಲ ಪರಿಶೀಲಿಸುತ್ತಾರೆ. ಅರ್ಹರಲ್ಲ ಅಂತ ನಿರ್ಧರಿಸಿದರೆ ಕಾರಣ ಬರೆದು ಕೊಡಬೇಕು, ಅರ್ಜಿದಾರರು ಮರುಪರಿಶೀಲನೆ ಕೇಳಬಹುದು. ಎಲ್ಲ ಸರಿ ಇದ್ದರೆ ವೋಚರ್ ಕೈಗೆ ಬರುತ್ತೆ. ಅಲ್ಲಿಂದ ಗಡಿಯಾರ ಶುರು. ಮನೆ ಹುಡುಕೋಕೆ ಕನಿಷ್ಠ 60 ದಿನ ಕೊಡುತ್ತಾರೆ. ಹೆಚ್ಚು ದಿನ ಬೇಕಾದರೆ ಕೇಳಿ ಪಡೆಯಬೇಕು.

ಆ ದಿನಗಳಲ್ಲಿ ಮಿತಿಯೊಳಗಿನ ಬಾಡಿಗೆಯ ಮನೆ ಸಿಗಬೇಕು. ಓನರ್ ವೋಚರ್‌ಗೆ ಒಪ್ಪಬೇಕು. ಮನೆ ವಾಸಕ್ಕೆ ಯೋಗ್ಯ ಅಂತ ತಪಾಸಣೆಯಲ್ಲಿ ಪಾಸಾಗಬೇಕು. ಅಡ್ವಾನ್ಸ್ ದುಡ್ಡನ್ನು ಸಾಮಾನ್ಯವಾಗಿ ಬಾಡಿಗೆದಾರರೇ ಹೊಂದಿಸಬೇಕು. ಓನರ್ ಒಪ್ಪಲೇಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ವೋಚರ್ ಇದೆ ಅನ್ನೋ ಒಂದೇ ಕಾರಣಕ್ಕೆ ಮನೆ ಕೊಡಲ್ಲ ಅನ್ನುವಂತಿಲ್ಲ. ಬ್ಯಾಚುಲರ್ಸ್‌ಗೆ ಮನೆ ಕೊಡಲ್ಲ, ಮೊಟ್ಟೆ ತಿನ್ನೋರಿಗೆ ಕೊಡಲ್ಲ ಅಂತ ಕೇಳಿಸಿಕೊಂಡು ಪಿಜಿ ಸೇರಿದ ನಮ್ಮ ಸೀನಿಯರ್‌ಗಳಿಗೆ ಇದರ ರುಚಿ ಗೊತ್ತು. "ಈಗ ತಾನೇ ಬೇರೆಯವರಿಗೆ ಆಯ್ತು" ಅಂದರೆ ಯಾವ ಕಾನೂನೂ ಸುಲಭಕ್ಕೆ ಹಿಡಿಯಲ್ಲ.

ಅಷ್ಟು ವರ್ಷ ಕಾದು ವೋಚರ್ ಪಡೆದವರಲ್ಲೂ ದೊಡ್ಡ ಪಾಲು ಜನ ಮನೆ ಸಿಗದೇ ಅದನ್ನು ವಾಪಸ್ ಕೊಡುತ್ತಾರೆ. ಆದ್ದರಿಂದ ನನ್ನ ಪ್ರೋಗ್ರಾಮಿನಲ್ಲಿ "ಮನೆ ಮಂಜೂರು" ಹೋಗಿ ಅಲ್ಲಿ "ಹುಡುಕಾಟ ಶುರು" ಬಂತು.

ತಪ್ಪು ನಾಲ್ಕು: ಸಾಲಿನಲ್ಲಿ ನಿಂತವರು ನಿಂತೇ ಇರುತ್ತಾರೆ ಅಂದುಕೊಂಡಿದ್ದೆ

ಈ ಲೇಖನ ಬರೆಯೋಕೆ ಕಾರಣ ಈ ನಾಲ್ಕನೆಯದು.

ಪಟ್ಟಿಯಲ್ಲಿ ಒಂದೊಂದು ಕುಟುಂಬದ ಬಗ್ಗೆ ಏನೇನು ಇರಬೇಕು ಅಂತ ನಿಯಮದಲ್ಲೇ ಇದೆ. ಹೆಸರು, ಎಷ್ಟು ಕೋಣೆಯ ಮನೆ ಬೇಕು, ಅರ್ಜಿ ಹಾಕಿದ ದಿನ ಮತ್ತು ಸಮಯ, ಯಾವ ಆದ್ಯತೆ, ಕುಟುಂಬದ ಮುಖ್ಯಸ್ಥರ ಜನಾಂಗ. ಸ್ಟ್ರಕ್ಚರ್ ಡಿಕ್ಲೇರ್ ಮಾಡಿದ ಹಾಗೇ ಇದೆ ಅಂತ ನಾನು ಖುಷಿಯಿಂದ ಹೇಳಿದೆ. ಅಕ್ಕ ಖುಷಿಪಡಲಿಲ್ಲ. "ವಿಳಾಸ?" ಅಂದಳು. "ಅದೂ ಇಟ್ಟಿದ್ದೀನಿ" ಅಂದೆ. "ಬದಲಾಯಿಸೋ ಫಂಕ್ಷನ್?" ಇರಲಿಲ್ಲ.

ಆಗ ಅವಳು ಒಬ್ಬ ವಯಸ್ಸಾದ ಹೆಂಗಸಿನ ಕಥೆ ಹೇಳಿದಳು. ಲೈಬ್ರರಿಗೆ ಬರ್ತಿದ್ದವರು. ಆಫೀಸ್ ಕಟ್ಟಡಗಳನ್ನು ಕ್ಲೀನ್ ಮಾಡೋ ಕೆಲಸ. ಪಟ್ಟಿ ತೆರೆದ ದಿನ ಅಕ್ಕನೇ ಪಕ್ಕದಲ್ಲಿ ಕೂತು ಅವರ ಅರ್ಜಿ ತುಂಬಿಕೊಟ್ಟಿದ್ದಳು. ಅರ್ಜಿ ಸಂಖ್ಯೆಯ ಚೀಟಿಯನ್ನು ಅವರು ಪರ್ಸ್‌ನಲ್ಲಿ ಮಡಚಿ ಇಟ್ಟುಕೊಂಡಿದ್ದರು. ನಾಲ್ಕು ವರ್ಷ ಆದಮೇಲೆ ಒಂದು ದಿನ ಆ ಚೀಟಿ ಹಿಡಿದು ಬಂದು "ನನ್ನ ನಂಬರ್ ಎಲ್ಲಿಗೆ ಬಂದಿದೆ ನೋಡಿ ಹೇಳಮ್ಮ" ಅಂದರಂತೆ. ಅಕ್ಕ ನೋಡಿದಳು. ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಆಗಿದ್ದು ಇಷ್ಟು. ಬಾಡಿಗೆ ಏರಿತು ಅಂತ ಅವರು ಮನೆ ಬಿಟ್ಟು ಮಗಳ ಮನೆಗೆ ಹೋಗಿದ್ದರು. ಅಲ್ಲಿಂದ ಇನ್ನೊಬ್ಬರ ಮನೆಯ ಒಂದು ಕೋಣೆಗೆ. ಈ ನಡುವೆ ಅಥಾರಿಟಿಯಿಂದ ಒಂದು ಕಾಗದ ಬಂತು: ನಿಮಗಿನ್ನೂ ಆಸಕ್ತಿ ಇದೆಯಾ, ಇಂತಿಷ್ಟು ದಿನದೊಳಗೆ ತಿಳಿಸಿ. ಕಾಗದ ಹೋಗಿದ್ದು ಹಳೇ ವಿಳಾಸಕ್ಕೆ. ಉತ್ತರ ಬರಲಿಲ್ಲ. ಹೆಸರು ತೆಗೆದರು.

ಅಥಾರಿಟಿ ನಿಯಮ ಮೀರಿರಲಿಲ್ಲ. ಪಟ್ಟಿಯನ್ನು ಆಗಾಗ ಸ್ವಚ್ಛ ಮಾಡಲು, ಉತ್ತರಿಸದವರ ಹೆಸರು ತೆಗೆಯಲು ಅವರಿಗೆ ಅಧಿಕಾರ ಇದೆ. ಊರು ಬಿಟ್ಟವರು, ತೀರಿಕೊಂಡವರು, ನೆರವು ಬೇಡವಾದವರು ಪಟ್ಟಿಯಲ್ಲೇ ಉಳಿದರೆ ನಿಜವಾಗಿ ಕಾಯ್ತಿರೋರಿಗೇ ತೊಂದರೆ. ಒಂದು ವಿನಾಯಿತಿ ಇದೆ. ಕುಟುಂಬದಲ್ಲಿ ಯಾರದ್ದಾದರೂ ಅಂಗವೈಕಲ್ಯದ ಕಾರಣದಿಂದ ಉತ್ತರಿಸಲಾಗದೇ ಹೋದರೆ ಮೊದಲಿದ್ದ ಜಾಗಕ್ಕೇ ವಾಪಸ್ ಸೇರಿಸಬೇಕು. ಆ ಹೆಂಗಸಿಗೆ ಅದು ಅನ್ವಯಿಸಲಿಲ್ಲ. ಆ ಊರಿನ ಪಟ್ಟಿ ಮುಚ್ಚಿತ್ತು. ಅಕ್ಕ ಹುಡುಕಿ, ಆಗ ತೆರೆದಿದ್ದ ಬೇರೆ ಎರಡು ಊರಿನ ಪಟ್ಟಿಗೆ ಅವರ ಅರ್ಜಿ ಹಾಕಿಸಿದಳು. ನಾಲ್ಕು ವರ್ಷ ಮತ್ತೆ ಸೊನ್ನೆಯಿಂದ.

"ಫಾರ್ಮ್ ತುಂಬಿದ್ದು ನಾನೇ ಕಣೇ" ಅಂದಳು ಅಕ್ಕ. "ಎಲ್ಲಾ ಕಾಲಮ್ ಸರಿಯಾಗೇ ತುಂಬಿದ್ದೆ. ಮನೆ ಬದಲಾಯಿಸಿದರೆ ಬಂದು ಹೇಳಿ ಅನ್ನೋ ಒಂದು ಮಾತು ಹೇಳಲಿಲ್ಲ."

ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ತಲೆಯಲ್ಲಿ ಓಡ್ತಿದ್ದದ್ದು ಇಷ್ಟೇ. ಈ ಪಟ್ಟಿಯಲ್ಲಿ ಇರೋರು ಯಾರು? ಬಾಡಿಗೆ ಕಟ್ಟೋಕೆ ಆಗದೆ ಒದ್ದಾಡ್ತಿರೋರು. ಪದೇ ಪದೇ ಮನೆ ಬದಲಾಯಿಸೋರು ಯಾರು? ಅವರೇ. ಫೋನ್ ಕರೆನ್ಸಿ ಖಾಲಿಯಾಗಿ ನಂಬರ್ ಬದಲಾಗೋದು ಯಾರದ್ದು? ಅವರದ್ದೇ. ಸ್ಥಿರವಾದ ಮನೆ ಇಲ್ಲ ಅಂತ ನೆರವು ಕೇಳೋರಿಗೆ, ಸ್ಥಿರವಾದ ವಿಳಾಸ ಇದ್ದರೆ ಮಾತ್ರ ಜಾಗ ಉಳಿಯುತ್ತೆ ಅನ್ನೋ ಪಟ್ಟಿ. ನೆರವು ಯಾರಿಗೆ ಹೆಚ್ಚು ಬೇಕೋ ಅವರೇ ಮೊದಲು ಉದುರಿಹೋಗ್ತಾರೆ.

ಅರ್ಜಿ ಹಾಕೋರಿಗೆ ಅಕ್ಕ ಹೇಳೋ ಮಾತುಗಳು

ಆ ಘಟನೆ ಆದಮೇಲೆ ಅಕ್ಕ ಒಂದು ಪುಟದ ಸೂಚನೆ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದ್ದಾಳೆ. ಅಮೆರಿಕದಲ್ಲಿ ನಿಮ್ಮ ಪರಿಚಯದವರಿಗೆ ಯಾರಿಗಾದರೂ ಬೇಕಾಗಬಹುದು, ಸಾರಾಂಶ ಕೊಡ್ತೀನಿ.

1. ಒಂದೇ ಪಟ್ಟಿಗೆ ಕಾಯಬೇಡಿ. ಎಷ್ಟು ಊರಿನ ಪಟ್ಟಿಗೆ ಬೇಕಾದರೂ ಅರ್ಜಿ ಹಾಕಬಹುದು. ಅಲ್ಲಿ ವಾಸ ಇರಲೇಬೇಕು ಅಂತಿಲ್ಲ. ಸ್ಥಳೀಯರಿಗೆ ಆದ್ಯತೆ ಇರಬಹುದು, ಅಷ್ಟೇ.

2. ಪಟ್ಟಿಗೆ ಅರ್ಜಿ ಹಾಕೋದಕ್ಕೆ ದುಡ್ಡಿಲ್ಲ. ಶುಲ್ಕ ಕೇಳಿದರೆ, "ಬೇಗ ಮಾಡಿಸಿಕೊಡ್ತೀನಿ" ಅಂದರೆ ಅದು ಮೋಸ.

3. ಯಾವ ಆದ್ಯತೆಗಳಿವೆ ಅಂತ ಮೊದಲು ಓದಿ. ನಿಮಗೆ ಅನ್ವಯಿಸೋದನ್ನೆಲ್ಲ ಗುರುತು ಮಾಡಿ. ನಂತರ ಪರಿಸ್ಥಿತಿ ಬದಲಾದರೆ, ಉದಾಹರಣೆಗೆ ಮನೆ ಕಳೆದುಕೊಂಡರೆ, ಅದನ್ನೂ ತಿಳಿಸಿ.

4. ಅರ್ಜಿ ಸಂಖ್ಯೆ, ದಿನಾಂಕ, ಯಾವ ಕಚೇರಿ ಅನ್ನೋದನ್ನು ಎರಡು ಕಡೆ ಬರೆದಿಡಿ. ಮನೆಯವರಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

5. ವಿಳಾಸ, ಫೋನ್, ಇಮೇಲ್ ಯಾವುದು ಬದಲಾದರೂ ಅದೇ ವಾರ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಅರ್ಜಿ ಹಾಕಿದ ಎಲ್ಲಾ ಕಚೇರಿಗೂ ಬೇರೆ ಬೇರೆಯಾಗಿ ತಿಳಿಸಬೇಕು. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಹೋಗಲ್ಲ.

6. ಅಲೆದಾಟ ಇದ್ದರೆ, ಬದಲಾಗದ ಒಂದು ವಿಳಾಸ ಕೊಡಿ. ನಂಬಿಕೆಯ ನೆಂಟರದ್ದಾಗಲಿ, ಕಾಗದ ತಗೊಂಡು ಇಟ್ಟುಕೊಳ್ಳೋ ಸಂಸ್ಥೆಯದ್ದಾಗಲಿ.

7. ಕಾಗದ ಬಂದ ದಿನವೇ ಉತ್ತರಿಸಿ. "ನಾಳೆ ನೋಡೋಣ" ಬೇಡ.

ಇದನ್ನೆಲ್ಲ ನಾವು ಯಾಕೆ ಓದಬೇಕು

ನೀವು ಕೇಳಬಹುದು, ಅಮೆರಿಕದ ಬಾಡಿಗೆ ಪಟ್ಟಿ ತಗೊಂಡು ನಮಗೇನಾಗಬೇಕು ಅಂತ. ನನಗೆ ಎರಡು ಕಾರಣ ಇದೆ.

ಒಂದು, ಇಂಥ ಪೋರ್ಟಲ್‌ಗಳನ್ನು ಬರೆಯೋರು ನಮ್ಮಂಥೋರೇ. ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಯಾರಾದರೂ ಯಾವುದೋ ಕಂಪನಿಯಲ್ಲಿ ಕೂತು, ಯಾವುದೋ ಊರಿನ ಯಾವುದೋ ಪಟ್ಟಿಗೆ "ಉತ್ತರ ಬರದಿದ್ದರೆ ತೆಗೆದುಹಾಕು" ಅನ್ನೋ ಫಂಕ್ಷನ್ ಬರೀತೀವಿ. ಬರೆಯೋಕೆ ಎರಡು ನಿಮಿಷ ಸಾಕು. ಟೆಸ್ಟ್ ಕೇಸ್ ಎಲ್ಲಾ ಪಾಸ್ ಆಗುತ್ತೆ.

ಎರಡು, ಇದು ಬರೀ ಅಲ್ಲಿಯ ಕಥೆ ಅಲ್ಲ. ನಮ್ಮ ಅಜ್ಜಿಯ ಬ್ಯಾಂಕ್ ಖಾತೆಗೆ ಕೊಟ್ಟಿದ್ದು ಅಪ್ಪನ ಹಳೇ ಸಿಮ್ಮಿನ ನಂಬರ್. ಆ ಸಿಮ್ ನಿಂತುಹೋಗಿ ಎಷ್ಟೋ ಕಾಲ ಆಗಿತ್ತು. ಒಟಿಪಿ ಎಲ್ಲಿಗೆ ಹೋಗ್ತಿತ್ತೋ ದೇವರಿಗೇ ಗೊತ್ತು. ಈ ಕಥೆ ಕೇಳಿದ ಮೇಲೆ ದಸರಾ ರಜೆಗೆ ಮನೆಗೆ ಹೋದಾಗ ನಾನು ಮಾಡಿದ ಮೊದಲ ಕೆಲಸ ಅಜ್ಜಿಯನ್ನು ಬ್ಯಾಂಕಿಗೆ ಕರ್ಕೊಂಡು ಹೋಗಿ ನಂಬರ್ ಬದಲಾಯಿಸಿದ್ದು. ಅರ್ಧ ಗಂಟೆ ಕೆಲಸ. ನೀವೂ ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರ ಅರ್ಜಿಗಳಲ್ಲಿ, ಖಾತೆಗಳಲ್ಲಿ ಯಾವ ನಂಬರ್ ಇದೆ ಅಂತ ಒಂದು ಸಲ ನೋಡಿ.

ಪ್ರಾಜೆಕ್ಟ್ ಏನಾಯ್ತು ಅಂತ ಹೇಳಿಬಿಡ್ತೀನಿ. ತೆಗೆದುಹಾಕೋ ಫಂಕ್ಷನ್ ಇಟ್ಟುಕೊಂಡೆ, ಆದರೆ ನೇರವಾಗಿ ತೆಗೆಯಲ್ಲ. ಮೊದಲು ಕಾಗದ, ಆಮೇಲೆ ಮೆಸೇಜ್, ಆಮೇಲೆ ಅರ್ಜಿದಾರರು ಕೊಟ್ಟ ಇನ್ನೊಬ್ಬರ ನಂಬರ್‌ಗೆ ಕರೆ. ಯಾವುದಕ್ಕೂ ಉತ್ತರ ಇಲ್ಲದಿದ್ದರೆ "ನಿಷ್ಕ್ರಿಯ" ಅಂತ ಗುರುತು. ಒಂದು ವರ್ಷದೊಳಗೆ ವಾಪಸ್ ಬಂದರೆ ಅದೇ ಜಾಗ, ಅದೇ ಲಾಟರಿ ಸಂಖ್ಯೆ. ವೈವಾದಲ್ಲಿ ಸರ್ ಕೇಳಿದರು: "ಡಿಲೀಟ್‌ಗೆ ಇಷ್ಟೊಂದು ಕೋಡ್ ಯಾಕಮ್ಮ? ನೋಡ್ ಫ್ರೀ ಮಾಡಿದರೆ ಮುಗೀತಲ್ಲ?"

ನಾನು ಆ ಚೀಟಿಯ ಕಥೆ ಹೇಳಿದೆ. ಸರ್ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, "ಒಂದು ವರ್ಷ ಸಾಕಾ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ನಿಮಗೆ ತೋಚಿದರೆ ಸಂಘದ ರೂಮಿಗೆ ಬನ್ನಿ, ಮಾತಾಡೋಣ.